ಚಾಳೀಸಿನಿಂದ ಸ್ಪರ್ಶಮಸೂರದವರೆಗೆ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ನೇತ್ರಸೇವೆ ಮತ್ತು ಕನ್ನಡಕದವರ ಶಿಕ್ಷಣ

ಕರ್ನಾಟಕದ ವೈದ್ಯಕೀಯ ಚರಿತ್ರೆಯ ಬರವಣಿಗೆಯಲ್ಲಿ ಆಸ್ಪತ್ರೆ, ವೈದ್ಯ ಮತ್ತು ಶಸ್ತ್ರಚಿಕಿತ್ಸೆಗಳಿಗೆ ಸಹಜವಾಗಿಯೇ ಪ್ರಧಾನ ಸ್ಥಾನ ದೊರೆತಿದೆ. ಶಸ್ತ್ರಚಿಕಿತ್ಸೆಯ ತರುವಾಯ ರೋಗಿಯ ಕಣ್ಣಿಗೆ ಮಸೂರವನ್ನು ಹೊಂದಿಸಿಕೊಡುವ ಕುಶಲಿಯು ಮಾತ್ರ ಈ ಚರಿತ್ರೆಯ ಅಂಚಿನಲ್ಲಿಯೇ ಉಳಿದಿದ್ದಾನೆ. ನೇತ್ರಚಿಕಿತ್ಸೆಯ ಅರ್ಧಭಾಗವು ಅವನ ಕೈಯಲ್ಲಿತ್ತು ಎಂಬುದನ್ನೂ, ಅವನ ಶಿಕ್ಷಣವು ಶಸ್ತ್ರವೈದ್ಯದ ವೇಗಕ್ಕೆ ಸರಿಸಮನಾಗಿ ಬೆಳೆಯದಿದ್ದುದರ ಪರಿಣಾಮವನ್ನೂ ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಸೀಮೆಯ ಹಿನ್ನೆಲೆ

ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಉಳಿದ ಪ್ರದೇಶವು ಮುಂಬಯಿ ಆಡಳಿತದಲ್ಲಿದ್ದು, 1956ರಲ್ಲಿ ಏಕೀಕೃತ ರಾಜ್ಯವನ್ನು ಸೇರಿತು. ಈ ರಾಜಕೀಯ ಇತಿಹಾಸದ ಗುರುತುಗಳು ಕಣ್ಣಿಗೆ ಸಂಬಂಧಿಸಿದ ಆಡುಮಾತಿನಲ್ಲಿಯೂ ಉಳಿದಿವೆ. ಕನ್ನಡಕಕ್ಕೆ ‘ಚಷ್ಮಾ’ ಎಂದೂ, ಕಣ್ಣಿನ ಪೊರೆಗೆ ‘ಮೋತಿಬಿಂದು’ ಎಂದೂ ಇಲ್ಲಿಯ ಜನ ಹೇಳುತ್ತಾರೆ. ‘ಚಾಳೀಸು’ ಎಂಬ ಪದವು ನಲವತ್ತು ಎಂಬ ಅರ್ಥದ ಹಿಂದೂಸ್ತಾನಿ ಪದದಿಂದ ಬಂದುದಾಗಿದೆ. ನಲವತ್ತು ದಾಟಿದವರು ಕೊಳ್ಳುವ ವಸ್ತು ಎಂಬ ಭಾವನೆ ಆ ಹೆಸರಿನಲ್ಲಿಯೇ ಅಡಗಿದೆ. ಸಂತೆ, ಜಾತ್ರೆಗಳಲ್ಲಿ ಒಂದೊಂದನ್ನೇ ಹಾಕಿ ನೋಡಿ, ಅಕ್ಷರ ಕಂಡುದನ್ನು ಕೊಳ್ಳುವ ರೂಢಿಗೆ ಕಣ್ಣಿನ ಪರೀಕ್ಷೆಯ ಅಗತ್ಯವೇ ಕಾಣಲಿಲ್ಲ.

ವೈದ್ಯವು ಕೈಗೆಟುಕದ ಕಾಲದಲ್ಲಿ ಅಂಧತ್ವಕ್ಕೆ ಈ ಸೀಮೆಯು ಕಂಡುಕೊಂಡ ಉತ್ತರವು ಬೇರೆಯಾಗಿತ್ತು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತ ಅವರ ಪರಂಪರೆಯು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆಗೊಂಡಿತು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು ಅದನ್ನು 2010ರವರೆಗೆ ಮುನ್ನಡೆಸಿದರು. ದೃಷ್ಟಿಯನ್ನು ಮರಳಿಸಲಾಗದ ಸಮಾಜವು ದೃಷ್ಟಿಹೀನರಿಗೆ ವಿದ್ಯೆಯನ್ನೂ ಗೌರವವನ್ನೂ ನೀಡಿದ ಈ ನಿದರ್ಶನವು ನೇತ್ರಸೇವೆಯ ಚರಿತ್ರೆಗೆ ಪೀಠಿಕೆಯಂತಿದೆ.

ಶಿಬಿರಗಳ ಯುಗ ಮತ್ತು ಉಳಿದ ಅರ್ಧ

ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಸ್ಥಿತಿ ಬದಲಾಯಿತು. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಸಂಚಾರಿ ನೇತ್ರಶಿಬಿರಗಳ ಮೂಲಕ ಶಸ್ತ್ರಚಿಕಿತ್ಸೆಯನ್ನು ಹಳ್ಳಿಗಳಿಗೆ ಕೊಂಡೊಯ್ದರು. ತಿರುಪತಿಯಲ್ಲಿ ಅವರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದುದು ಪ್ರಸಿದ್ಧವಾಗಿದೆ. ನಾಲ್ಕೂ ತಾಲ್ಲೂಕುಗಳಿಗೆ ಸಮೀಪದ ದೊಡ್ಡ ನಗರಗಳಲ್ಲೊಂದಾದ ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವೂ, 1967ರಲ್ಲಿ ಡಾ. ಎಂ. ಎಂ. ಜೋಶಿಯವರ ನೇತ್ರಾಲಯವೂ ಆರಂಭಗೊಂಡವು. 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಆಸ್ಪತ್ರೆಗಳಿಗೆ ನೇತ್ರ ಸಹಾಯಕರೆಂಬ ಹೊಸ ವರ್ಗವನ್ನು ಒದಗಿಸಿತು.

ಆದರೆ ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆಯಲಾಗುತ್ತಿತ್ತೇ ಹೊರತು ಅದರ ಸ್ಥಾನದಲ್ಲಿ ಬೇರೊಂದನ್ನು ಇಡುವ ರೂಢಿ ಇರಲಿಲ್ಲ. ಹೀಗಾಗಿ ರೋಗಿಗೆ ಸುಮಾರು +10 ಶಕ್ತಿಯ ದಪ್ಪ ಕನ್ನಡಕ ಅನಿವಾರ್ಯವಾಗಿತ್ತು. ಅದರ ಮೂಲಕ ವಸ್ತುಗಳು ಶೇಕಡಾ 25ರಿಂದ 30ರಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಮೆಟ್ಟಿಲು, ಬದು, ಬಾವಿಕಟ್ಟೆಗಳ ಅಳತೆ ತಪ್ಪುತ್ತಿತ್ತು. ಒಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಇನ್ನೊಂದು ಕಣ್ಣು ಚೆನ್ನಾಗಿದ್ದವರಿಗೆ ಎರಡು ಬೇರೆ ಬೇರೆ ಗಾತ್ರದ ಬಿಂಬಗಳು ಕೂಡದೆ ಕನ್ನಡಕವು ನಿರುಪಯುಕ್ತವಾಗುತ್ತಿತ್ತು. ಇಂಥವರಿಗೆ ಕಣ್ಣಿನ ಮೇಲೆಯೇ ಕೂರುವ ಸ್ಪರ್ಶಮಸೂರ, ಅಂದರೆ ಕಾಂಟ್ಯಾಕ್ಟ್ ಲೆನ್ಸ್, ತಕ್ಕ ಪರಿಹಾರವಾಗಿತ್ತು. ಅದರಲ್ಲಿ ಬಿಂಬದ ಹಿಗ್ಗುವಿಕೆಯು ಶೇಕಡಾ ಹತ್ತಕ್ಕಿಂತ ಕಡಿಮೆ. ಆದರೆ ಅದನ್ನು ಹೊಂದಿಸಬಲ್ಲ ಕೈಗಳು ನಗರಗಳಲ್ಲಿಯೂ ವಿರಳವಾಗಿದ್ದವು.

ಶಿಕ್ಷಣದ ಬೆಳವಣಿಗೆ

1888ರಲ್ಲಿ ಅಡಾಲ್ಫ್ ಫಿಕ್ ಪ್ರಕಟಿಸಿದ ಗಾಜಿನ ಮಸೂರ, 1948ರಲ್ಲಿ ಕೆವಿನ್ ಟುವೊಹಿ ರೂಪಿಸಿದ ಗಟ್ಟಿ ಪ್ಲಾಸ್ಟಿಕ್ಕಿನ ಚಿಕ್ಕ ಮಸೂರ, 1961ರಲ್ಲಿ ಚೆಕ್ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ತಯಾರಿಸಿದ ಮೃದು ಮಸೂರ ಇವು ಈ ತಂತ್ರಜ್ಞಾನದ ಮುಖ್ಯ ಘಟ್ಟಗಳು. ಭಾರತದಲ್ಲಿ ದೃಷ್ಟಿಮಾಪನದ ವ್ಯವಸ್ಥಿತ ಶಿಕ್ಷಣವು 1958ರಲ್ಲಿ ಅಲಿಗಢ ಮತ್ತು ಹೈದರಾಬಾದುಗಳಲ್ಲಿ ಮೊದಲಾಯಿತು. 1985ರಲ್ಲಿ ಚೆನ್ನೈಯ ಎಲೀಟ್ ಸ್ಕೂಲ್ ಆಫ್ ಆಪ್ಟೊಮೆಟ್ರಿ ನಾಲ್ಕು ವರ್ಷಗಳ ಪದವಿಗೆ ದಾರಿ ಮಾಡಿತು. 1996ರಲ್ಲಿ ಸ್ಥಾಪನೆಗೊಂಡ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಕರ್ನಾಟಕದಲ್ಲಿಯೂ ಈ ಪದವಿ ನೆಲೆಯೂರಿತು. ಇದಕ್ಕೆ ಮುನ್ನ ಕನ್ನಡಕದ ವೃತ್ತಿಯು ಬಹುಮಟ್ಟಿಗೆ ಅಂಗಡಿಯಲ್ಲಿ ನೋಡಿ ಕಲಿಯುವ ವಿದ್ಯೆಯಾಗಿತ್ತು.

ನೋಡಿ ಕಲಿತ ವಿದ್ಯೆಯು ಸ್ಪರ್ಶಮಸೂರಕ್ಕೆ ಸಾಲದು ಎಂಬುದಕ್ಕೆ ಒಂದು ಲೆಕ್ಕವೇ ಸಾಕ್ಷಿ. ಕಣ್ಣಿನಿಂದ 12 ಮಿಲಿಮೀಟರ್ ದೂರದಲ್ಲಿರುವ +10ರ ಕನ್ನಡಕಕ್ಕೆ ಸಮನಾಗಲು ಕಣ್ಣಿನ ಮೇಲಿನ ಮಸೂರವು ಸುಮಾರು +11.4 ಇರಬೇಕು. ಕನ್ನಡಕದ ನಂಬರನ್ನೇ ನಕಲು ಮಾಡಿದರೆ ದೃಷ್ಟಿ ಕೂಡುವುದಿಲ್ಲ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲದ ಬಾಗು ಅಳೆಯಬೇಕು. ಪರೀಕ್ಷಾ ಮಸೂರವನ್ನು ಕೂರಿಸಿ, ರೆಪ್ಪೆ ಮಿಟುಕಿಸಿದಾಗ ಅದು ಚಲಿಸುವ ಪರಿಯನ್ನು ನೋಡಬೇಕು. ಈ ಪಟಲಕ್ಕೆ ರಕ್ತನಾಳಗಳಿಲ್ಲ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಕಣ್ಣೀರಿನ ಮೂಲಕ ಪಡೆಯುತ್ತದೆ. ಬಿಗಿಯಾದ ಮಸೂರವು ಆ ಉಸಿರನ್ನೇ ಕಟ್ಟುತ್ತದೆ.

ಇದಕ್ಕಿಂತ ಮುಖ್ಯವಾದುದು ರೋಗಿಯ ಆರೈಕೆ. ಮಸೂರವನ್ನು ಹಾಕುವ, ತೆಗೆಯುವ ಕ್ರಮವನ್ನು ರೋಗಿಯು ತಾನೇ ಮಾಡಿ ತೋರಿಸುವವರೆಗೆ ಕಲಿಸಬೇಕು. ಕೈ ತೊಳೆದು ಒರೆಸಿಕೊಳ್ಳುವುದು, ಮಸೂರಕ್ಕೆ ನಲ್ಲಿಯ ಅಥವಾ ಬಾವಿಯ ನೀರು ತಾಗಿಸದಿರುವುದು, ನಿದ್ರೆಗೆ ಮುನ್ನ ತೆಗೆಯುವುದು, ಕೆಂಪು ಅಥವಾ ನೋವು ಕಂಡ ಕೂಡಲೇ ತೆಗೆದು ವೈದ್ಯರಲ್ಲಿಗೆ ಹೋಗುವುದು, ಇವು ಈ ಪಾಠದ ತಿರುಳು. ಹತ್ತಿ, ಗೋವಿನಜೋಳ, ಭತ್ತದ ಒಕ್ಕಲುತನವಿರುವ ಈ ಸೀಮೆಯಲ್ಲಿ ರವದಿ, ಹೊಟ್ಟು, ಧೂಳುಗಳಿಂದ ಕಣ್ಣಿಗೆ ಗಾಯವಾಗುವುದು ಸಾಮಾನ್ಯ. ಇಂಥ ಗಾಯದಿಂದ ಶಿಲೀಂಧ್ರದ ಹುಣ್ಣಾಗಿ ಕಣ್ಣು ಹೋಗುವ ಭಯವಿದೆ. ಆದುದರಿಂದ ಯಾರಿಗೆ ಮಸೂರವನ್ನು ಕೊಡಬಾರದು ಎಂದು ತಿಳಿಯುವುದೂ ಶಿಕ್ಷಣದ ಭಾಗವೇ ಆಗಿದೆ. 1979ರಲ್ಲಿ ರೂಪುಗೊಂಡ ಕಾಂಟ್ಯಾಕ್ಟ್ ಲೆನ್ಸ್ ಬೋಧಕರ ಅಂತರರಾಷ್ಟ್ರೀಯ ಸಂಘವು ಮೊದಲು ಬೋಧಕರನ್ನೇ ಸಿದ್ಧಗೊಳಿಸಲು ತೊಡಗಿದುದರ ಮಹತ್ವವು ಇಲ್ಲಿ ಸ್ಪಷ್ಟವಾಗುತ್ತದೆ.

ಸಮಾರೋಪ

1992ರಲ್ಲಿ ಮಧುರೆಯ ಅರೋಲ್ಯಾಬ್ ಕಡಿಮೆ ಬೆಲೆಯ ಕಣ್ಣೊಳಗಿನ ಮಸೂರಗಳ ತಯಾರಿಕೆಯನ್ನು ಆರಂಭಿಸಿದ ಮೇಲೆ ದಪ್ಪ ಕನ್ನಡಕಗಳು ಕ್ರಮೇಣ ಮರೆಯಾದವು. ಸ್ಪರ್ಶಮಸೂರದ ಅಗತ್ಯವು ಶಂಕುವಿನಾಕಾರಕ್ಕೆ ತಿರುಗಿದ ಪಟಲವುಳ್ಳ ತರುಣರಿಗೂ, ಗಾಯದಿಂದ ಪಟಲ ಏರುಪೇರಾದವರಿಗೂ, ಹೆಚ್ಚಿನ ದೃಷ್ಟಿದೋಷವುಳ್ಳವರಿಗೂ ವರ್ಗವಾಯಿತು. ದೃಷ್ಟಿಮಾಪಕರನ್ನು ಒಳಗೊಂಡು ಸಹಾಯಕ ಆರೋಗ್ಯ ವೃತ್ತಿಗಳಿಗೆ 2021ರ ಕೇಂದ್ರ ಶಾಸನವು ಕಾನೂನಿನ ಚೌಕಟ್ಟು ಒದಗಿಸಿದೆ. 2024ರಲ್ಲಿ ಹಾವೇರಿಯಲ್ಲಿ ಚಾಲನೆಗೊಂಡ ‘ಆಶಾಕಿರಣ’ ಯೋಜನೆಯು ನೇತ್ರತಪಾಸಣೆಯನ್ನೂ ಉಚಿತ ಕನ್ನಡಕವನ್ನೂ ಜನರ ಬಳಿಗೆ ಒಯ್ಯುವ ಉದ್ದೇಶ ಹೊಂದಿದೆ.

ಒಟ್ಟಿನಲ್ಲಿ, ಶಿಬಿರವು ಒಂದು ದಿನದಲ್ಲಿ ಮುಗಿಯುತ್ತದೆ. ಮಸೂರದ ಆರೈಕೆಯು ವರ್ಷಗಟ್ಟಲೆ ಸಾಗುತ್ತದೆ. ಆ ದೀರ್ಘ ಅವಧಿಯಲ್ಲಿ ರೋಗಿಗೆ ಹತ್ತಿರವಿರುವವನು ತಾಲ್ಲೂಕು ಪೇಟೆಯ ಕನ್ನಡಕದವನು. ಅವನನ್ನು ಕೇವಲ ವರ್ತಕನೆಂದು ಎಣಿಸದೆ, ಶಿಕ್ಷಣ ಪಡೆದ ಆರೈಕೆದಾರನನ್ನಾಗಿ ರೂಪಿಸಿದಾಗಲೇ ಶಸ್ತ್ರವೈದ್ಯರು ಆರಂಭಿಸಿದ ಕಾರ್ಯವು ಈ ಸೀಮೆಯಲ್ಲಿ ಪೂರ್ಣಗೊಳ್ಳುತ್ತದೆ.