ಶಿವಯೋಗಮಂದಿರವೂ ಅಂಧರ ನಾದಕಾಯಕವೂ

ಬಾದಾಮಿಯ ಸಮೀಪದಲ್ಲಿ, ಮಲಪ್ರಭಾ ನದಿಯ ದಡದ ಮೇಲೆ, ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದು ಭಕ್ತವೃಂದಕ್ಕೆ ವಿದಿತವೇ ಆಗಿದೆ. ಮಠಗಳಿಗೆ ಯೋಗ್ಯರಾದ ವಟುಗಳನ್ನು ಸಿದ್ಧಪಡಿಸುವುದು ಅದರ ಮುಖ್ಯೋದ್ದೇಶವಾಗಿದ್ದರೂ ಶ್ರೀಗಳವರ ಕರುಣೆಯು ಅಷ್ಟಕ್ಕೇ ನಿಲ್ಲಲಿಲ್ಲ.

ಅಂಧರಿಗೆ ಒಂದು ಹಿಡಿ ಭಿಕ್ಷವನ್ನಿಕ್ಕಿದರೆ ಧರ್ಮವು ತೀರಿತೆಂದು ಬಗೆಯುವವರು ಆಗ ಬಹುಮಂದಿ. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಜನಿಸಿದ ಗದಿಗೆಯ್ಯನವರ ನಾದಪ್ರತಿಭೆಯನ್ನು ಶ್ರೀಗಳವರು ಕಂಡು, ಅನ್ನಾಶ್ರಯಗಳೊಡನೆ ಸಂಗೀತಶಿಕ್ಷಣವನ್ನೂ ಒದಗಿಸಿದರು. ಹೀಗೆ ದೊರೆತುದು ಭಿಕ್ಷವನ್ನು ಮೀರಿದ ಕಾಯಕ. ಅವರೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಕರ್ನಾಟಕ, ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದ ಅವರು ಊರೂರು ಸಂಚರಿಸುವ ಪಾಠಶಾಲೆಯನ್ನು ಕಟ್ಟಿ, ಅಂಧರಿಗೂ ಅನಾಥರಿಗೂ ವಿದ್ಯಾದಾನಗೈದರು. ಆ ಕಾರ್ಯವು ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೆಲೆಗೊಂಡಿತು.

1930ರಲ್ಲಿ ಮಹಾಸ್ವಾಮಿಗಳವರೂ 1944ರಲ್ಲಿ ಗವಾಯಿಗಳೂ ಲಿಂಗೈಕ್ಯರಾದರು. ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು, 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ನಡೆಯಿಸಿದರು. ಭಕ್ತರ ಕಾಣಿಕೆಯೂ ನಾಟಕ ಮಂಡಳಿಯ ಗಳಿಕೆಯೂ ಆಶ್ರಮದ ದಾಸೋಹಕ್ಕೆ ಆಧಾರವಾದುವು.

ಅಂಗವಿಕಲರ ವಿದ್ಯಾಭ್ಯಾಸವು ಅವರ ಹಕ್ಕೆಂದು 2016ರ ಶಾಸನವು ಸಾರುತ್ತಿದೆ. ಆದರೂ ಮನೆಯ ಮೂಲೆಯಲ್ಲಿ ಕುಳಿತ ಮಗುವನ್ನು ಕೈಹಿಡಿದು ಪಾಠಶಾಲೆಗೆ ಕರೆತರುವ ಹೊಣೆಯು ಊರಿನ ಭಕ್ತರದೇ ಆಗಿದೆ.