ಮೋಟರ್‌ಹೋಮ್‌ನ ವಿದ್ಯುತ್ ದೋಷ ಪತ್ತೆ

ಮೋಟರ್‌ಹೋಮ್ ಎಂಬುದು ಮಲಗುವ ಸ್ಥಳ, ಅಡುಗೆಮನೆ ಮತ್ತು ಶೌಚಾಲಯಗಳನ್ನು ಹೊಂದಿದ್ದು, ಸ್ವಂತ ಎಂಜಿನ್ನಿನಿಂದ ಚಲಿಸುವ ವಾಸಯೋಗ್ಯ ವಾಹನ. ಇದರಲ್ಲಿ ಎರಡು ವಿದ್ಯುತ್ ವ್ಯವಸ್ಥೆಗಳಿರುತ್ತವೆ. ಆದುದರಿಂದ ದೋಷ ಕಂಡುಬಂದಾಗ ಅದು ಯಾವ ವ್ಯವಸ್ಥೆಗೆ ಸೇರಿದ್ದೆಂದು ಮೊದಲು ನಿರ್ಧರಿಸಬೇಕಾಗುತ್ತದೆ. ಇಲ್ಲಿನ ವಿವರಗಳು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಳಕೆಯಲ್ಲಿರುವ ವಾಹನಗಳಿಗೆ ಸಂಬಂಧಿಸಿವೆ.

ವ್ಯವಸ್ಥೆಯ ರಚನೆ

ದೀಪಗಳು, ನೀರಿನ ಪಂಪು ಮತ್ತು ಸಣ್ಣ ಫ್ಯಾನುಗಳು 12 ವೋಲ್ಟ್ ನೇರ ವಿದ್ಯುತ್ತಿನಿಂದ, ಅಂದರೆ ಡಿಸಿಯಿಂದ ನಡೆಯುತ್ತವೆ. ಇದಕ್ಕೆ ವಸತಿ ಭಾಗದ ಬ್ಯಾಟರಿಯೇ ಮೂಲ. ಎಂಜಿನ್ ಚಾಲನೆಗೆ ಬೇರೆ ಬ್ಯಾಟರಿ ಇರುವುದರಿಂದ, ಎಂಜಿನ್ ಸರಿಯಾಗಿ ಚಾಲೂ ಆದರೂ ಒಳಗಿನ ದೀಪಗಳು ಉರಿಯದಿರಬಹುದು.

ಹವಾನಿಯಂತ್ರಕ, ಮೈಕ್ರೋವೇವ್ ಒಲೆ ಮತ್ತು ಗೋಡೆಯ ಸಾಕೆಟ್ಟುಗಳು 120 ವೋಲ್ಟ್ ಪರ್ಯಾಯ ವಿದ್ಯುತ್ತನ್ನು, ಅಂದರೆ ಎಸಿಯನ್ನು ಬಳಸುತ್ತವೆ. ಅದು ಶಿಬಿರತಾಣದ ಸಂಪರ್ಕ ಪೆಟ್ಟಿಗೆಯಿಂದ ಅಥವಾ ಜನರೇಟರ್‌ನಿಂದ ಬರುತ್ತದೆ. ಕನ್ವರ್ಟರ್ ಎಸಿಯನ್ನು ಡಿಸಿಯಾಗಿ ಬದಲಿಸಿ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ; ಇನ್ವರ್ಟರ್ ಬ್ಯಾಟರಿಯ ಡಿಸಿಯನ್ನು ಎಸಿಯಾಗಿ ಬದಲಿಸುತ್ತದೆ.

ಹೊರಗಿನ ಸಂಪರ್ಕದಲ್ಲಿ ಎರಡು ಬಗೆಗಳು ಸಾಮಾನ್ಯ. 30 ಆಂಪಿಯರ್ ಸಂಪರ್ಕವು ಗರಿಷ್ಠ 3,600 ವ್ಯಾಟ್ ಒದಗಿಸುತ್ತದೆ. 50 ಆಂಪಿಯರ್ ಸಂಪರ್ಕದಲ್ಲಿ 120 ವೋಲ್ಟ್‌ನ ಎರಡು ಸಜೀವ ತಂತಿಗಳಿದ್ದು, ಒಟ್ಟು 12,000 ವ್ಯಾಟ್ ದೊರೆಯುತ್ತದೆ. 30 ಆಂಪಿಯರ್ ಸಂಪರ್ಕದಲ್ಲಿ ಹವಾನಿಯಂತ್ರಕ, ಹೀಟರ್ ಮತ್ತು ಮೈಕ್ರೋವೇವ್ ಒಲೆಗಳನ್ನು ಒಟ್ಟಿಗೆ ನಡೆಸಿದಾಗ ಬ್ರೇಕರ್ ಬೀಳುವುದು ದೋಷವಲ್ಲ, ಅಧಿಕ ಹೊರೆಯ ಪರಿಣಾಮ.

ಪತ್ತೆಯ ಕ್ರಮ

ಮೂಲದಿಂದ ಉಪಕರಣದ ಕಡೆಗೆ ಹಂತಹಂತವಾಗಿ ಪರೀಕ್ಷಿಸುವುದು ರೂಢಿ. ಎಸಿ ಇಲ್ಲದಿದ್ದರೆ ಸಂಪರ್ಕ ಪೆಟ್ಟಿಗೆಯ ಬ್ರೇಕರ್, ಕೇಬಲ್ಲಿನ ಪ್ಲಗ್ ಮತ್ತು ವಾಹನದೊಳಗಿನ ಮುಖ್ಯ ಬ್ರೇಕರ್‌ಗಳನ್ನು ಅನುಕ್ರಮವಾಗಿ ನೋಡಬೇಕು. ಕೆಲವು ಸಾಕೆಟ್ಟುಗಳು ಮಾತ್ರ ನಿಂತಿದ್ದರೆ, ವಿದ್ಯುತ್ ಸೋರಿಕೆಯನ್ನು ಗುರುತಿಸಿ ಸಂಪರ್ಕ ಕಡಿಯುವ ಜಿಎಫ್‌ಸಿಐ ಸಾಕೆಟ್ ಕಾರಣವಾಗಿರಬಹುದು. ಒಂದೇ ಜಿಎಫ್‌ಸಿಐ ಅದರ ಮುಂದಿನ ಹಲವು ಸಾಕೆಟ್ಟುಗಳನ್ನು ನಿಯಂತ್ರಿಸುತ್ತದೆ.

ಡಿಸಿ ಇಲ್ಲದಿದ್ದರೆ ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್ಚು, ತುಕ್ಕು ಹಿಡಿದ ತುದಿಗಳು ಮತ್ತು ಫ್ಯೂಸುಗಳನ್ನು ಪರಿಶೀಲಿಸಬೇಕು. ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿದರೆ ಅದು ತುಂಬಿದೆ ಎಂದರ್ಥ, 12.2 ಇದ್ದರೆ ಸುಮಾರು ಅರ್ಧ ಖಾಲಿಯಾಗಿದೆ. ಹೊರಗಿನ ಸಂಪರ್ಕ ಕೊಟ್ಟ ಮೇಲೆ ಮಾಪನವು 13 ವೋಲ್ಟ್ ದಾಟದಿದ್ದರೆ ಕನ್ವರ್ಟರ್, ಅದರ ಬ್ರೇಕರ್ ಅಥವಾ ಫ್ಯೂಸಿನಲ್ಲಿ ದೋಷವಿರುವ ಸಂಭವ ಹೆಚ್ಚು. ಸುಟ್ಟ ಫ್ಯೂಸಿನ ಜಾಗಕ್ಕೆ ಹೆಚ್ಚಿನ ಆಂಪಿಯರ್‌ನದನ್ನು ಹಾಕಿದರೆ ತಂತಿಯೇ ಕಾದು ಬೆಂಕಿ ಹತ್ತಬಹುದು. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಅದು ಹ್ರಸ್ವ ಮಂಡಲದ ಸೂಚನೆ.

ಅಪಾಯಕಾರಿ ದೋಷಗಳು

ಭೂಸಂಪರ್ಕ ತಂತಿ ಕಡಿದಿದ್ದು, ಸಜೀವ ತಂತಿಯಿಂದ ಲೋಹದ ಹೊರಮೈಗೆ ವಿದ್ಯುತ್ ಸೋರಿದರೆ ಇಡೀ ವಾಹನವೇ ವಿದ್ಯುತ್ಪೂರಿತವಾಗುತ್ತದೆ. ರಬ್ಬರ್ ಟೈರುಗಳು ನೆಲದ ಸಂಪರ್ಕವನ್ನು ತಡೆಯುವುದರಿಂದ ಬ್ರೇಕರ್ ಬೀಳದೇ ಇರಬಹುದು. ಆಗ ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವರ ದೇಹದ ಮೂಲಕ ವಿದ್ಯುತ್ ಹರಿದು ಸಾವು ಸಂಭವಿಸಬಹುದು. ಹಿಡಿ ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ಅಲಕ್ಷಿಸದೆ, ವಾಹನವನ್ನು ಮತ್ತೆ ಮುಟ್ಟದೆ, ಸಂಪರ್ಕ ಪೆಟ್ಟಿಗೆಯ ಬ್ರೇಕರನ್ನು ಆರಿಸಬೇಕು.

50 ಆಂಪಿಯರ್ ಸಂಪರ್ಕದಲ್ಲಿ ತಟಸ್ಥ ತಂತಿ ಕಡಿದರೆ ಒಂದು ಭಾಗದ ಉಪಕರಣಗಳಿಗೆ ಅತಿ ಹೆಚ್ಚು, ಇನ್ನೊಂದು ಭಾಗಕ್ಕೆ ಅತಿ ಕಡಿಮೆ ವೋಲ್ಟೇಜ್ ತಲುಪುತ್ತದೆ. 30 ಆಂಪಿಯರ್ ಸಾಕೆಟ್ಟನ್ನು ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ ಎಂದು ಭಾವಿಸಿ 240 ವೋಲ್ಟ್‌ಗೆ ಜೋಡಿಸುವ ತಪ್ಪೂ ನಡೆಯುತ್ತದೆ. ಪ್ಲಗ್ ಹಾಕುವ ಮೊದಲು ವೋಲ್ಟೇಜ್ ಅಳೆಯುವುದರಿಂದ ಇಂತಹ ಹಾನಿಯನ್ನು ತಪ್ಪಿಸಬಹುದು.

ಸುರಕ್ಷತೆ

ತಂತಿಗಳನ್ನು ಮುಟ್ಟುವ ಮೊದಲು ಹೊರಸಂಪರ್ಕ ಮತ್ತು ಜನರೇಟರ್ ಜೊತೆಗೆ ಇನ್ವರ್ಟರನ್ನೂ ಆರಿಸಬೇಕು. ಪ್ಲಗ್ ಕಿತ್ತ ಬಳಿಕವೂ ಇನ್ವರ್ಟರ್ 120 ವೋಲ್ಟ್ ಒದಗಿಸುತ್ತಿರಬಹುದು. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಲಾಗುತ್ತದೆ. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಳ್ಳಬಲ್ಲ ಜಲಜನಕ ಹೊರಬರುವುದರಿಂದ ಅದರ ಬಳಿ ಕಿಡಿ ಏಳಬಾರದು. ಭೂಸಂಪರ್ಕ ಮತ್ತು ತಟಸ್ಥ ತಂತಿಗಳ ದೋಷಗಳ ದುರಸ್ತಿಯನ್ನು ಪರಿಣತ ಎಲೆಕ್ಟ್ರಿಷಿಯನ್ನರಿಗೆ ವಹಿಸುವುದು ಸೂಕ್ತ.