ತಕ್ಕಡಿ, ಬೆಲೆ, ಒರೆಗಲ್ಲು

ಪ್ರಾಚೀನ ಗ್ರೀಕರಿಗೆ ಮನುಷ್ಯನ ಘನತೆ ಎಂಬ ಕಲ್ಪನೆಯೇ ಇರಲಿಲ್ಲ ಎನ್ನುವವರಿದ್ದಾರೆ. ಇಂಗ್ಲಿಷಿನ ‘ಡಿಗ್ನಿಟಿ’ಗೆ ಸರಿಹೊಂದುವ ಪದ ಹೋಮರನಿಂದ ಅರಿಸ್ಟಾಟಲ್‌ವರೆಗೆ ಹುಡುಕಿದರೂ ಸಿಗದು, ಪದವೇ ಇಲ್ಲದ ಮೇಲೆ ಕಲ್ಪನೆ ಎಲ್ಲಿಂದ ಬರಬೇಕು ಎಂಬುದು ಅವರ ತರ್ಕ. ಅದೇ ತರ್ಕವನ್ನು ಇಂಗ್ಲಿಷಿಗೆ ಹಚ್ಚಿದರೆ ನಿಲ್ಲುವುದಿಲ್ಲ. ಆ ಭಾಷೆಯಲ್ಲಿ ಈ ಪದ 13ನೆಯ ಶತಮಾನದಿಂದಲೂ ಇದೆ. ಆದರೆ ತನ್ನ ಆಯುಷ್ಯದ ಬಹುಪಾಲು ಅದು ದೊಡ್ಡವರ ದೊಡ್ಡಸ್ತಿಕೆಯನ್ನೇ ಹೇಳುತ್ತ ಬಂದಿತ್ತು. ಪದದ ಚರಿತ್ರೆ ಬೇರೆ, ಕಲ್ಪನೆಯ ಚರಿತ್ರೆ ಬೇರೆ. ಎರಡೂ ಭಾಷೆಗಳಲ್ಲಿ ‘ಘನತೆ’ಯ ಪದ ಮೇಲಿನವರ ಮನೆಯಲ್ಲಿ ಬೆಳೆಯಿತು, ಎಲ್ಲರಿಗೂ ಘನತೆಯುಂಟು ಎಂಬ ಅರಿವು ಮಾತ್ರ ಅವಮಾನದ ಮಾತಿನಲ್ಲಿ, ಹೊಡೆಸಿಕೊಂಡವರ ದೂರಿನಲ್ಲಿ ಮೊದಲು ಕಾಣಿಸಿಕೊಂಡಿತು.

ಗ್ರೀಕರ ಬಳಿ ಇದ್ದ ಪದಗಳನ್ನು ಸಾಲಾಗಿ ಇಟ್ಟು ನೋಡಿದರೆ ಅಕ್ಕಸಾಲಿಗನ ಅಂಗಡಿಗೆ ಹೊಕ್ಕಂತಾಗುತ್ತದೆ. ‘ಅಕ್ಸಿಯಾ’ ಎಂದರೆ ಯೋಗ್ಯತೆ, ಮೌಲ್ಯ. ಅದರ ಮೂಲವಾದ ‘ಆಕ್ಸಿಯೊಸ್’ ತಕ್ಕಡಿಗೆ ಸೇರಿದ ಮಾತು. ಅಷ್ಟೇ ತೂಗುವಂಥದ್ದು ಎಂದು ಅರ್ಥ. ಕನ್ನಡದ ಓದುಗರಿಗೆ ಇದು ಹೊಸದಲ್ಲ: ಘನತೆಯ ಒಳಗಿರುವ ‘ಘನ’ವೂ ಗೌರವದ ಒಳಗಿರುವ ‘ಗುರು’ವೂ ಭಾರವನ್ನೇ ಹೇಳುತ್ತವೆ, ತೂಕದ ಮನುಷ್ಯ ಎಂದು ನಾವು ಈಗಲೂ ಅನ್ನುತ್ತೇವೆ. ಇನ್ನೊಂದು ಪದ ‘ತಿಮೆ’. ಅದಕ್ಕೆ ಮಾನ ಎಂಬ ಅರ್ಥವೂ ಇದೆ, ಬೆಲೆ ಎಂಬ ಅರ್ಥವೂ ಇದೆ. ಅಕಿಲೀಸ್ ಟ್ರಾಯ್ ಯುದ್ಧದಿಂದ ಹಿಂದೆ ಸರಿದದ್ದು ಈ ತಿಮೆಗೆ ಪೆಟ್ಟು ಬಿತ್ತೆಂದು. ಇವತ್ತಿನ ಅಥೆನ್ಸಿನ ಅಂಗಡಿಗಳಲ್ಲಿ ಸರಕಿನ ಬೆಲೆಚೀಟಿಯ ಮೇಲೆ ಇರುವುದೂ ಅದೇ ಪದ. ಅಥೆನ್ಸಿನಲ್ಲಿ ಪೌರತ್ವದ ಹಕ್ಕು ಕಳೆದುಕೊಂಡವನ ಸ್ಥಿತಿಗೆ ‘ಅತಿಮಿಯಾ’ ಎನ್ನುತ್ತಿದ್ದರು. ನಮ್ಮ ‘ಅನ್ಯಾಯ’ದ ಮೊದಲ ಅಕ್ಷರ ಮಾಡುವ ಕೆಲಸವನ್ನೇ ಅಲ್ಲಿಯ ‘ಅ’ಕಾರವೂ ಮಾಡುತ್ತದೆ. ತೂಗುವುದು, ಬೆಲೆ ಕಟ್ಟುವುದು ಎಂದಮೇಲೆ ಒಬ್ಬ ಹೆಚ್ಚು, ಇನ್ನೊಬ್ಬ ಕಡಿಮೆ ಆಗಲೇಬೇಕು. ಹಂಚುವಾಗ ಅಕ್ಸಿಯಾಕ್ಕೆ ತಕ್ಕಂತೆ ಹಂಚಬೇಕೆಂದು ಎಲ್ಲರೂ ಒಪ್ಪುತ್ತಾರೆ, ಆದರೆ ಅದನ್ನು ಅಳೆಯುವುದು ಹುಟ್ಟಿನಿಂದಲೋ ಹಣದಿಂದಲೋ ಸದ್ಗುಣದಿಂದಲೋ ಸ್ವತಂತ್ರನೆಂಬ ಕಾರಣದಿಂದಲೋ ಎಂಬಲ್ಲಿ ಜಗಳ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಗುರುತಿಸಿದ್ದಾನೆ. ಆ ಜಗಳದಲ್ಲಿ ಗುಲಾಮನಿಗೆ ಜಾಗವೇ ಇರಲಿಲ್ಲ. ಇಷ್ಟರ ಮಟ್ಟಿಗೆ ಮೊದಲು ಹೇಳಿದ ವಾದ ಸರಿ.

ಆದರೆ ನಾಮಪದಗಳನ್ನು ಬಿಟ್ಟು ನ್ಯಾಯಾಲಯದ ಕಡೆ ನಡೆದರೆ ಬೇರೆಯೇ ನೋಟ ಸಿಗುತ್ತದೆ. ಕ್ರಿ.ಪೂ. 4ನೆಯ ಶತಮಾನದ ಅಥೆನ್ಸಿನಲ್ಲಿ ಆರಿಸ್ಟನ್ ಎಂಬ ಯುವಕನಿಗಾಗಿ ಡೆಮಾಸ್ತನೀಸ್ ಬರೆದುಕೊಟ್ಟ ವಾದವೊಂದು ಉಳಿದಿದೆ. ಸಂಜೆ ಪೇಟೆಯಲ್ಲಿ ಅಡ್ಡಾಡುತ್ತಿದ್ದ ಆರಿಸ್ಟನ್ ಮೇಲೆ ಕೊನೊನ್ ಎಂಬ ಹಿರಿಯನೂ ಅವನ ಕಡೆಯವರೂ ಬಿದ್ದರು. ಮೇಲುವಸ್ತ್ರ ಕಿತ್ತುಕೊಂಡರು, ಕೆಸರಿಗೆ ಕೆಡವಿದರು, ತುಳಿದರು; ತುಟಿ ಹರಿಯಿತು, ಕಣ್ಣು ಬಾತು ಮುಚ್ಚಿಕೊಂಡಿತು. ಆಮೇಲೆ ಕೊನೊನ್, ಅಂಕಣದಲ್ಲಿ ಗೆದ್ದ ಹುಂಜದಂತೆ ಕೂಗಿದ. ರೆಕ್ಕೆ ಬಡಿಯುವ ಹಾಗೆ ಮೊಳಕೈಯಿಂದ ಪಕ್ಕೆ ಬಡಿದುಕೋ ಎಂದು ಜೊತೆಯವರು ಅವನನ್ನು ಹುರಿದುಂಬಿಸಿದರು. ಗಾಯಗಳನ್ನು ವಿವರಿಸಿದ ಆರಿಸ್ಟನ್ ಈ ಕೂಗನ್ನೂ ಬಿಡದೆ ಹೇಳುತ್ತಾನೆ. ಏಟು ಮೈಗೆ ಬಿದ್ದದ್ದು, ಕೂಗು ಮನುಷ್ಯನೆಂಬುದಕ್ಕೇ ಬಿದ್ದದ್ದು. ಇದಕ್ಕೆ ಗ್ರೀಕರಲ್ಲಿ ಖಚಿತವಾದ ಹೆಸರಿತ್ತು: ‘ಹ್ಯೂಬ್ರಿಸ್’. ಲಾಭಕ್ಕಾಗಿ ಅಲ್ಲದೆ, ಇನ್ನೊಬ್ಬನನ್ನು ಕೀಳು ಮಾಡುವ ಸುಖಕ್ಕಾಗಿಯೇ ಮಾಡುವ ಅವಮಾನ ಎಂದು ಅರಿಸ್ಟಾಟಲ್ ಅದನ್ನು ವಿವರಿಸಿದ್ದಾನೆ. ಅದರ ವಿರುದ್ಧ ಕಾನೂನಿತ್ತು, ಮತ್ತು ಆ ಕಾನೂನು ಮಕ್ಕಳು, ಹೆಂಗಸರು, ಗಂಡಸರು ಎಂದಷ್ಟೇ ಹೇಳಿ ನಿಲ್ಲದೆ ಗುಲಾಮರನ್ನೂ ಹೆಸರಿಸಿತ್ತು.

ಇದಕ್ಕೆ ಬರುವ ಆಕ್ಷೇಪ ಆ ಕಾಲದ್ದೇ. ಡೆಮಾಸ್ತನೀಸನ ಎದುರಾಳಿ ಈಸ್ಕಿನೀಸ್ ನ್ಯಾಯಾಲಯದಲ್ಲಿ ನಿಂತು, ಶಾಸನಕರ್ತನಿಗೆ ಗುಲಾಮರ ಮೇಲೆ ಮಮತೆಯೇನೂ ಇರಲಿಲ್ಲ, ಸ್ವತಂತ್ರರನ್ನು ಅವಮಾನಿಸುವ ಚಾಳಿ ಪೌರರಿಗೆ ಹತ್ತದಿರಲಿ ಎಂದು ಗುಲಾಮರನ್ನೂ ಸೇರಿಸಿದ ಎಂದ. ಡೆಮಾಸ್ತನೀಸ್ ಮಾತ್ರ ಅದೇ ಕಾನೂನನ್ನು ಓದಿಸಿ, ಇದರ ಮನುಷ್ಯಪ್ರೀತಿ ನೋಡಿ ಎಂದು ಹೊಗಳಿದ. ಇಬ್ಬರಲ್ಲಿ ಯಾರು ಸರಿ ಎಂಬುದಕ್ಕಿಂತ, ಗುಲಾಮನನ್ನು ಅವಮಾನಿಸುವುದು ತಪ್ಪು ಏಕೆ ಎಂಬ ಪ್ರಶ್ನೆ ಅಥೆನ್ಸಿನ ಜನರ ಮುಂದೆ ಬಹಿರಂಗವಾಗಿ ಬಂದಿತ್ತು ಎಂಬುದು ನನಗೆ ಮುಖ್ಯ. ಇಲ್ಲದ ಕಲ್ಪನೆಯ ಬಗ್ಗೆ ಯಾರೂ ವಾದ ಮಾಡುವುದಿಲ್ಲ. ಹಾಗೆಂದು ಅಥೆನ್ಸನ್ನು ಚಿನ್ನದ ಯುಗವೆಂದು ಕೊಂಡಾಡುವ ಹಾಗೂ ಇಲ್ಲ. ಅಲ್ಲಿ ಗುಲಾಮನ ಸಾಕ್ಷ್ಯ ಬೇಕೆಂದರೆ ಚಿತ್ರಹಿಂಸೆ ಕೊಟ್ಟೇ ಪಡೆಯಬೇಕೆಂಬ ನಿಯಮವಿತ್ತು. ಅದರ ಹೆಸರು ‘ಬಾಸನೊಸ್’. ಮೂಲ ಅರ್ಥ, ಚಿನ್ನ ಪರೀಕ್ಷಿಸುವ ಒರೆಗಲ್ಲು.

ತಕ್ಕಡಿಯ ಭಾಷೆಯನ್ನೇ ಹಿಡಿದು ತಕ್ಕಡಿಯನ್ನು ಪ್ರಶ್ನಿಸಿದವರು ಆಮೇಲೆ ಬಂದರು. ಸ್ವತಃ ಗುಲಾಮನಾಗಿದ್ದ ಎಪಿಕ್ಟೆಟಸ್, ನಿನ್ನನ್ನು ನೀನು ಎಷ್ಟಕ್ಕೆ ಮಾರಿಕೊಳ್ಳುತ್ತೀ ಎಂದು ಶಿಷ್ಯರನ್ನು ಕೇಳುತ್ತಿದ್ದ. ಬೆಲೆ ಕಟ್ಟುವ ಅಧಿಕಾರವನ್ನು ಅವನು ಯಜಮಾನನ ಕೈಯಿಂದ ಬಿಡಿಸಿಕೊಂಡ. ಕ್ರಿ.ಶ. 4ನೆಯ ಶತಮಾನದಲ್ಲಿ ನಿಸ್ಸಾದ ಗ್ರೆಗರಿ ಎಂಬ ಬಿಷಪ್ ಗುಲಾಮರ ಒಡೆಯರನ್ನು ನೇರವಾಗಿ ಕೇಳಿದ: ದೇವರ ಪ್ರತಿರೂಪವಾದ ಜೀವಕ್ಕೆ ಎಷ್ಟು ಕಾಸು ಎಣಿಸಿದಿರಿ? ಗುಲಾಮಗಿರಿಯ ಬುಡಕ್ಕೇ ಕೊಡಲಿ ಹಾಕಿದ ಇಂಥ ಉಪದೇಶ ಪ್ರಾಚೀನ ಜಗತ್ತಿನಲ್ಲಿ ತೀರಾ ಅಪರೂಪ.

ಇಂಗ್ಲಿಷಿನ ಕಥೆಯೂ ಯೋಗ್ಯತೆಯಿಂದಲೇ ಶುರುವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಮಾನಮರ್ಯಾದೆಗೆ ಇದ್ದ ಮಾತು ಇಂದಿನ ‘ವರ್ಶಿಪ್’. ‘ವರ್ತ್’ ಎಂಬ ಬೆಲೆಯ ಪದದಿಂದ ಹುಟ್ಟಿದ್ದು. ಅದು ಬರಬರುತ್ತ ದೇವರ ಪಾಲಾಯಿತು. ಲ್ಯಾಟಿನ್ನಿನ ‘ಡಿಗ್ನಿಟಾಸ್’ ಫ್ರೆಂಚಿನ ದಾರಿಯಾಗಿ ಬಂದು ಪದವಿ, ಅಧಿಕಾರ, ಗಾಂಭೀರ್ಯಗಳ ಹೆಸರಾಯಿತು. ಅದು ಎಷ್ಟರ ಮಟ್ಟಿಗೆ ಮೇಲಿನವರ ಸೊತ್ತಾಗಿತ್ತು ಎಂಬುದನ್ನು ಬ್ಲ್ಯಾಕ್‌ಸ್ಟನ್ 1766ರಲ್ಲಿ ಪ್ರಕಟಿಸಿದ ಕಾನೂನು ವ್ಯಾಖ್ಯಾನದ ಎರಡನೆಯ ಸಂಪುಟ ತೋರಿಸುತ್ತದೆ. ಮುಟ್ಟಲಾಗದ ಆದರೆ ವಾರಸುದಾರರಿಗೆ ಇಳಿಯುವ ಆಸ್ತಿಗಳು ಹತ್ತು ಬಗೆ ಎಂದು ಅವನು ಪಟ್ಟಿ ಮಾಡುತ್ತಾನೆ. ಚರ್ಚಿಗೆ ಸಲ್ಲುವ ದಶಮಾಂಶ, ಹುಲ್ಲುಗಾವಲಿನಲ್ಲಿ ದನ ಮೇಯಿಸುವ ಹಕ್ಕು, ಇನ್ನೊಬ್ಬನ ಹೊಲದ ಮೇಲೆ ಹಾದುಹೋಗುವ ದಾರಿಯ ಹಕ್ಕು, ಗೇಣಿ. ಇವುಗಳ ನಡುವೆ ‘ಡಿಗ್ನಿಟಿ’ಯೂ ಒಂದು. ಕುಲೀನನ ಬಿರುದೆಂದರೆ ಗೇಣಿಯ ಹಾಗೆ ಮಗನಿಗೆ ಹೋಗುವ ಸೊತ್ತು.

ಅದಕ್ಕೂ ಒಂದು ಶತಮಾನ ಹಿಂದಿನ ಐದು ವರ್ಷಗಳನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 1646ರಲ್ಲಿ ಥಾಮಸ್ ಬ್ರೌನ್ ಈ ಪದವನ್ನು ಸ್ವಯಂಸಿದ್ಧ ಸೂತ್ರ ಎಂಬ ಅರ್ಥದಲ್ಲಿ ಬಳಸಿದ. ಗ್ರೀಕರು ಅಂತಸ್ತಿಗೂ ಗಣಿತದ ಸೂತ್ರಕ್ಕೂ ‘ಅಕ್ಸಿಯೊಮಾ’ ಎನ್ನುತ್ತಿದ್ದುದನ್ನು ಮಧ್ಯಯುಗದ ಪಂಡಿತರು ಲ್ಯಾಟಿನ್ನಿಗೆ ಹಾಗೆಯೇ ಇಳಿಸಿದ್ದರ ಫಲ ಅದು. 1651ರಲ್ಲಿ ಹಾಬ್ಸ್, ಮನುಷ್ಯನಿಗೆ ರಾಜ್ಯವು ಕಟ್ಟುವ ಬೆಲೆಯೇ ಡಿಗ್ನಿಟಿ ಎಂದು ಕಡ್ಡಿ ಮುರಿದಂತೆ ಬರೆದ. ಇವೆರಡರ ನಡುವೆ, 1647ರ ಅಕ್ಟೋಬರಿನಲ್ಲಿ, ದೇಶದ ಮುಂದಿನ ಆಡಳಿತ ಹೇಗಿರಬೇಕೆಂದು ಪಾರ್ಲಿಮೆಂಟಿನ ಸೇನೆಯವರು ಪಟ್ನಿಯಲ್ಲಿ ನಡೆಸಿದ ಚರ್ಚೆಗಳಲ್ಲಿ ಕರ್ನಲ್ ರೇನ್ಸ್‌ಬರೊ ಎದ್ದು ನಿಂತು, ಇಂಗ್ಲೆಂಡಿನ ಕಡುಬಡವನಿಗೂ ಅತಿ ದೊಡ್ಡವನ ಹಾಗೆಯೇ ಬಾಳಲಿಕ್ಕೊಂದು ಬಾಳಿದೆ, ಒಪ್ಪಿಗೆ ಕೊಡದ ಸರ್ಕಾರಕ್ಕೆ ಅವನು ಬದ್ಧನಲ್ಲ ಎಂಬರ್ಥದ ಮಾತಾಡಿದ. ನಾವು ಇಂದು ಮಾನವಘನತೆ ಎನ್ನುವುದು ಆ ಮಾತಿನಲ್ಲಿ ಪೂರ್ತಿ ಇದೆ. ಡಿಗ್ನಿಟಿ ಎಂಬ ಪದ ಮಾತ್ರ ಇಲ್ಲ. ಪದ ಇದ್ದ ಕಡೆ ಕಲ್ಪನೆ ಇರಲಿಲ್ಲ, ಕಲ್ಪನೆ ಇದ್ದ ಕಡೆ ಪದಕ್ಕೆ ಕರೆಯಿರಲಿಲ್ಲ. ಎರಡನ್ನೂ ಹತ್ತಿರ ತಂದವರಲ್ಲಿ 1791ರ ಟಾಮ್ ಪೇನ್, 1792ರ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಮುಖ್ಯರು.

ಹಾಗಾದರೆ ಪದದ ಹಂಗೇ ಬೇಡವೇ ಎಂದು ಕೇಳಬಹುದು. ಬೇಕು. ಹ್ಯೂಬ್ರಿಸ್ ಕಾನೂನು ಅವಮಾನ ನಡೆದ ಮೇಲೆ ಬಾಯಿ ತೆರೆಯುತ್ತದೆ. ಪ್ರತಿಯೊಬ್ಬರಲ್ಲೂ ಮುಟ್ಟಬಾರದ್ದು ಒಂದಿದೆ ಎಂದು ಮುಂಚಿತವಾಗಿ ಸಾರಲು ಹೆಸರೊಂದು ಬೇಕಾಗುತ್ತದೆ. 1937ರ ಐರ್ಲೆಂಡ್ ಸಂವಿಧಾನ, 1945ರ ವಿಶ್ವಸಂಸ್ಥೆಯ ಸನ್ನದು, 1948ರ ಮಾನವ ಹಕ್ಕುಗಳ ಘೋಷಣೆ ಆ ಹೆಸರನ್ನು ಕಾನೂನಿನ ಭಾಷೆಗೆ ತಂದವು. ಸನ್ನದು ‘ಡಿಗ್ನಿಟಿ’ಯ ಪಕ್ಕದಲ್ಲೇ ‘ವರ್ತ್’ ಅನ್ನೂ ಕೂರಿಸಿತು. ಒಂದೇ ಪದ ಸಾಲಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಗ್ರೀಕರಿಗೂ ಎರಡು ಬೇಕಾದವು. 1967ರಿಂದ 1974ರವರೆಗಿನ ಸೇನಾಡಳಿತ ಕುಸಿದ ಮೇಲೆ, 1975ರ ಜೂನ್‌ನಲ್ಲಿ ಜಾರಿಗೆ ಬಂದ ಅವರ ಸಂವಿಧಾನದ 2ನೆಯ ವಿಧಿ ಮನುಷ್ಯನ ‘ಅಕ್ಸಿಯಾ’ವನ್ನು ಗೌರವಿಸಿ ಕಾಪಾಡುವುದು ರಾಜ್ಯದ ಮೊದಲ ಕರ್ತವ್ಯ ಎನ್ನುತ್ತದೆ. 7ನೆಯ ವಿಧಿ ಬಳಸುವುದು ‘ಅಕ್ಸಿಯೊಪ್ರೆಪಿಯಾ’ವನ್ನು, ತೂಕದ ‘ಆಕ್ಸಿಯೊಸ್’ ಜೊತೆ ‘ತಕ್ಕದ್ದು’ ಎಂಬ ಮಾತು ಕೂಡಿಕೊಂಡ ಪದ. ಮೊದಲನೆಯದು ಯಾರೂ ಕಸಿಯಲಾಗದ ಬೆಲೆ. ಎರಡನೆಯದಕ್ಕೆ ಪೆಟ್ಟು ಬೀಳಬಹುದು, ಆದ್ದರಿಂದಲೇ ಅದಕ್ಕೆ ಕಾವಲು ಬೇಕು. ಆ 7ನೆಯ ವಿಧಿ ನಿಷೇಧಿಸುವ ಕೃತ್ಯಗಳಲ್ಲಿ ಮೊದಲನೆಯದು ‘ವಸನಿಸ್ತಿರಿಯಾ’, ಅಂದರೆ ಚಿತ್ರಹಿಂಸೆ. ಗುಲಾಮನ ಮೈಯನ್ನು ಒರೆಗೆ ಹಚ್ಚುತ್ತಿದ್ದ ಆ ‘ಬಾಸನೊಸ್’ನಿಂದಲೇ ಬಂದ ಪದ ಅದು. ಎರಡು ತಿಂಗಳ ನಂತರ, 1975ರ ಆಗಸ್ಟ್‌ನಲ್ಲಿ, ಕೈದಿಗಳಿಗೆ ಚಿತ್ರಹಿಂಸೆ ಕೊಟ್ಟ ಮಿಲಿಟರಿ ಪೊಲೀಸರ ವಿಚಾರಣೆ ಅಥೆನ್ಸಿನಲ್ಲಿ ಶುರುವಾಯಿತು. ಕಟಕಟೆಯಲ್ಲಿ 18 ಸೈನಿಕರೂ 14 ಅಧಿಕಾರಿಗಳೂ ಇದ್ದರು. ಸೇನಾಧಿಕಾರಿಗೆ ಗ್ರೀಕಿನಲ್ಲಿ ಈಗಲೂ ಇರುವ ಹೆಸರು ‘ಅಕ್ಸಿಯೊಮತಿಕೋಸ್’, ಅಕ್ಸಿಯೊಮಾ ಉಳ್ಳವನು.